ನನ್ನ ತಲೆ, ಸರ್ಕಾರದ ಹೆಲ್ಮೆಟ್: ಪರ-ವಿರೋಧ

ಪ್ರಶ್ನೆ ಇಷ್ಟೇ. ಹದಿನೆಂಟು ದಾಟಿದ, ಬುದ್ಧಿ ನೆಟ್ಟಗಿರುವ ಮನುಷ್ಯ ಬೈಕ್ ಮೇಲೆ ಹೆಲ್ಮೆಟ್ ಹಾಕುವುದು, ಬಿಡುವುದು ಅವನ ಇಷ್ಟಕ್ಕೆ ಬಿಡಬೇಕೇ? ಬಾಗಲಕೋಟೆಯ ಚಹಾದಂಗಡಿಗಳಲ್ಲಿ ಇದು ಹಳೇ ಜಗಳ. ಆದರೆ ಸರ್ಕಾರ ನಮ್ಮ ದಿನದ ಬದುಕಿನೊಳಗೆ ಎಲ್ಲಿಯವರೆಗೆ ಕೈ ಹಾಕಬಹುದು ಅನ್ನೋ ದೊಡ್ಡ ಪ್ರಶ್ನೆ ಇದರೊಳಗೇ ಇದೆ. ಬಿಡಬೇಕು ಅನ್ನೋರ ಮಾತು ಮೊದಲು, ಬಿಡಬಾರದು ಅನ್ನೋರ ಮಾತು ಆಮೇಲೆ.

ಪರ: ಇಷ್ಟಕ್ಕೆ ಬಿಡಿ

ಹೆಲ್ಮೆಟ್ ಒಳ್ಳೆಯದು. ಅದರಲ್ಲಿ ನನಗೆ ಅನುಮಾನವೇ ಇಲ್ಲ. ಮುಧೋಳ ರಸ್ತೆ ಹಿಡಿದರೆ ನಾನೂ ಹಾಕಿಕೊಳ್ಳುತ್ತೇನೆ, ಮನೆಯವರಿಗೂ ಹಾಕಿಕೊಳ್ಳಿ ಅನ್ನುತ್ತೇನೆ. ಆದರೆ ಒಳ್ಳೆಯದು ಅನ್ನೋ ಒಂದೇ ಕಾರಣಕ್ಕೆ ಒಂದು ವಸ್ತುವನ್ನು ಇನ್ನೊಬ್ಬರ ತಲೆಯ ಮೇಲೆ ಹೇರಬಹುದಾ? ನನ್ನ ತಕರಾರು ಅಲ್ಲಿದೆ.

ಸಿಗರೇಟು ಬಿಡೋದು ಒಳ್ಳೆಯದು. ಸಕ್ಕರೆ ಕಡಿಮೆ ತಿನ್ನೋದು ಒಳ್ಳೆಯದು. ಬೈಕ್ ಬಿಟ್ಟು ಬಸ್ಸಿನಲ್ಲಿ ಹೋಗೋದಂತೂ ಹೆಲ್ಮೆಟ್ ಹಾಕಿ ಬೈಕ್ ಓಡಿಸೋದಕ್ಕಿಂತ ಎಷ್ಟೋ ಸುರಕ್ಷಿತ. ಹಾಗಂತ ಬೈಕನ್ನೇ ನಿಲ್ಲಿಸಿಬಿಡಿ ಅಂತ ಯಾರೂ ಕೇಳೋದಿಲ್ಲ. ಯಾಕೆಂದರೆ ಎಷ್ಟು ಅಪಾಯ ತೆಗೆದುಕೊಳ್ಳಬೇಕು ಅನ್ನೋದನ್ನು ಪ್ರತಿಯೊಬ್ಬರೂ ತಮ್ಮ ಬದುಕು, ತಮ್ಮ ದುಡ್ಡು, ತಮ್ಮ ಹೊತ್ತು ನೋಡಿ ತೀರ್ಮಾನ ಮಾಡುತ್ತಾರೆ. ಅದನ್ನು ಅವರ ಪರವಾಗಿ ಬೆಂಗಳೂರಿನಲ್ಲೋ ದಿಲ್ಲಿಯಲ್ಲೋ ಕೂತವರು ಮಾಡೋಕೆ ಆಗೋದಿಲ್ಲ.

1859ರಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಇದಕ್ಕೊಂದು ಗೆರೆ ಎಳೆದ. ಒಬ್ಬನ ಇಚ್ಛೆಗೆ ವಿರುದ್ಧವಾಗಿ ಅವನ ಮೇಲೆ ಬಲ ಬಳಸೋಕೆ ಒಂದೇ ಕಾರಣ ಸಾಕಾಗುತ್ತದೆ: ಬೇರೆಯವರಿಗೆ ಆಗುವ ಹಾನಿ ತಡೆಯೋದು. 'ನಿನ್ನ ಒಳ್ಳೆಯದಕ್ಕೇ' ಅನ್ನೋದು ಸಾಲದು. ಬುದ್ಧಿ ಹೇಳಬಹುದು, ಬೇಡಿಕೊಳ್ಳಬಹುದು, ಜಗಳವನ್ನೂ ಆಡಬಹುದು. ಬಲವಂತ ಮಾಡುವ ಹಾಗಿಲ್ಲ. ಮಿಲ್ ಒಂದು ಸೇತುವೆಯ ಮಾತು ಹೇಳುತ್ತಾನೆ. ಸೇತುವೆ ದಾಟೋದು ಅಪಾಯ ಅಂತ ತಿಳಿಯದೆ ಒಬ್ಬ ಹೊರಟಿದ್ದಾನೆ, ಕೂಗಿ ಹೇಳೋಕೂ ಸಮಯವಿಲ್ಲ. ಆಗ ಹಿಡಿದು ಎಳೆಯಬಹುದು, ಯಾಕೆಂದರೆ ನದಿಗೆ ಬೀಳೋ ಆಸೆ ಅವನಿಗಿಲ್ಲ. ಆದರೆ ಬಿದ್ದೇ ಬೀಳುತ್ತಾನೆ ಅಂತಿಲ್ಲ, ಬೀಳಬಹುದು ಅಷ್ಟೇ ಅಂದರೆ, ಎಚ್ಚರಿಸಿ ಬಿಟ್ಟುಬಿಡಬೇಕು. ಬರಿತಲೆಯಲ್ಲಿ ಓಡಿಸೋದು ಅಪಾಯ ಅಂತ ಗೊತ್ತಿಲ್ಲದ ಸವಾರ ಈಗ ಯಾರಿದ್ದಾನೆ ಹೇಳಿ?

ಲಿಬರ್ಟೇರಿಯನ್ ಅನ್ನಿಸಿಕೊಂಡವರು, ಅಂದರೆ ಜನರ ಬದುಕಿನಲ್ಲಿ ಸರ್ಕಾರದ ಕೈ ಆದಷ್ಟು ಕಡಿಮೆ ಇರಲಿ ಅನ್ನೋರು, ಇವತ್ತಿಗೂ ನಿಲ್ಲೋದು ಈ ಗೆರೆಯ ಮೇಲೆ. ನಮ್ಮಲ್ಲಿ ರಾಜಾಜಿ 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿ ಲೈಸೆನ್ಸ್-ಪರ್ಮಿಟ್ ರಾಜ್ಯದ ವಿರುದ್ಧ ಮಾತಾಡಿದರು. ಅದು ಹೆಚ್ಚಾಗಿ ವ್ಯಾಪಾರದ, ಹೊಲದ ಸ್ವಾತಂತ್ರ್ಯದ ಮಾತಾಗಿತ್ತು. ಮೈಮೇಲಿನ ಸ್ವಾತಂತ್ರ್ಯದ ಬಗ್ಗೆ ನಾವು ಅಷ್ಟಾಗಿ ಮಾತಾಡಿಲ್ಲ.

ಬಾಗಲಕೋಟೆಯವರಿಗೆ ಸರ್ಕಾರದ ಕೈ ಎಷ್ಟು ಉದ್ದ ಅಂತ ಯಾರೂ ಕಲಿಸಬೇಕಿಲ್ಲ. ಹಳೇ ಊರಿನ ಎಷ್ಟೋ ಓಣಿ ಆಲಮಟ್ಟಿ ಹಿನ್ನೀರಿಗೆ ಹೋದವು. ಓಣಿಯ ಹೆಸರಿನಲ್ಲಿ ಗುರುತಿದ್ದವರು ನವನಗರದಲ್ಲಿ ಸೆಕ್ಟರ್ ನಂಬರಿನವರಾದರು. ಆ ನೋವು ಈಗಲೂ ಮನೆಮನೆಯಲ್ಲಿ ಇದೆ. ಆದರೂ ಅಲ್ಲಿ ಕೇಳಿದರೆ ಹೇಳೋಕೆ ಒಂದು ಕಾರಣ ಇತ್ತು. ಯಾದಗಿರಿ, ರಾಯಚೂರು, ವಿಜಯಪುರದ ಹೊಲಗಳಿಗೆ ನೀರು ಹೋಗಬೇಕಿತ್ತು. ನಮ್ಮದು ಹೋಗಿ ಬೇರೆಯವರದು ಹಸಿರಾಯಿತು. ಒಪ್ಪೋದು ಕಷ್ಟ, ಆದರೆ ಅರ್ಥ ಆಗುತ್ತದೆ. ಹೆಲ್ಮೆಟ್ ವಿಷಯದಲ್ಲಿ ಆ 'ಬೇರೆಯವರು' ಯಾರು?

ಬೇರೆಯವರ ಜೀವ ತೆಗೆಯೋ ಸಂಗತಿ ನಮ್ಮ ರಸ್ತೆ ಮೇಲೆ ಇದೆ. ಕಬ್ಬಿನ ಹಂಗಾಮು ಶುರುವಾದ ಮೇಲೆ ಜಮಖಂಡಿ, ಮಹಾಲಿಂಗಪುರ, ಬೀಳಗಿ ಕಡೆ ರಾತ್ರಿ ಒಮ್ಮೆ ಓಡಾಡಿ ನೋಡಿ. ಟ್ರ್ಯಾಕ್ಟರ್ ಹಿಂದೆ ಎರಡು ಟ್ರೇಲರ್. ಎರಡೂ ಕಡೆ ಕಬ್ಬು ಮೊಳದುದ್ದ ಹೊರಗೆ ಚಾಚಿರುತ್ತದೆ. ಹಿಂದೆ ಕೆಂಪು ದೀಪ ಇಲ್ಲ, ರಿಫ್ಲೆಕ್ಟರ್ ಇದ್ದರೂ ಮಣ್ಣು ಮೆತ್ತಿರುತ್ತದೆ. ಡ್ರೈವರ್ ಹಾಡು ಎಷ್ಟು ಜೋರಾಗಿ ಹಾಕಿರುತ್ತಾನೆ ಅಂದರೆ ನಮ್ಮ ಹಾರ್ನ್ ಅವನಿಗೆ ಕೇಳೋದೇ ಇಲ್ಲ. ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆದರೆ, ಮುಂದಿರುವ ಟ್ರೇಲರ್ ಕಾಣೋದು ಹತ್ತು ಹೆಜ್ಜೆ ಹತ್ತಿರ ಬಂದ ಮೇಲೆ. ಪಂಕ್ಚರ್ ಆಗಿ ನಿಂತ ಟ್ರೇಲರ್ ಹಿಂದೆ ನಾಲ್ಕು ಕಲ್ಲು ಇಟ್ಟು ಹೋದವರು, ಬೆಳಗಾದ ಮೇಲೂ ಆ ಕಲ್ಲು ತೆಗೆಯೋದಿಲ್ಲ. ಮಿಲ್ ಎಳೆದ ಗೆರೆಯ ಆಚೆ ಇರೋದು ಇದು. ಸರ್ಕಾರ ಪೂರ್ತಿ ಬಲ ಬಳಸಬೇಕಾದ ಜಾಗವೂ ಇದೇ. ಆದರೆ ತಪಾಸಣೆ ನಡೆಯೋದು ಎಲ್ಲಿ? ಊರೊಳಗೆ, ಸರ್ಕಲ್‌ನಲ್ಲಿ, ಬಿಸಿಲಿನ ಹೊತ್ತು, ಗಾಡಿಗಳು ಮೆಲ್ಲಗೆ ಹೋಗುವ ಕಡೆ.

"ಸಾಹೇಬ್ರ, ಇಲ್ಲೇ ಸಂತಿಗೆ ಹೊಂಟೀನ್ರಿ, ಬಿಡ್ರಿ" ಅಂತ ರುಮಾಲು ಸುತ್ತಿದ ಯಜಮಾನರು ಕೈ ಮುಗಿಯುತ್ತಾರೆ. ರುಮಾಲಿನ ಮೇಲೆ ಹೆಲ್ಮೆಟ್ ಕೂರೋದಿಲ್ಲ. ರುಮಾಲು ಬಿಚ್ಚಿ ಸಂತೆಗೆ ಹೋಗೋದು ಅವರ ವಯಸ್ಸಿನವರಿಗೆ ಆಗೋ ಮಾತಲ್ಲ. ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಪೇಟ ಸುತ್ತಿದ ಸಿಖ್ಖರಿಗೆ ಹೆಲ್ಮೆಟ್‌ನಿಂದ ವಿನಾಯಿತಿ ಕೊಟ್ಟಿದೆ. ಕೊಟ್ಟಿದ್ದು ಸರಿ, ಅದನ್ನು ಮನಸಾರೆ ಒಪ್ಪುತ್ತೇನೆ. ಒಬ್ಬ ಮನುಷ್ಯನಿಗೆ ತನ್ನ ತಲೆಯ ಮೇಲಿನ ಬಟ್ಟೆ ಜೀವದ ಅಪಾಯಕ್ಕಿಂತ ದೊಡ್ಡದಾಗಿರಬಹುದು ಅಂತ ಕಾನೂನೇ ಅಲ್ಲಿ ಒಪ್ಪಿಕೊಂಡಿದೆ. ಒಪ್ಪಿಕೊಂಡ ಮೇಲೆ ಆ ಮರ್ಯಾದೆ ನಮ್ಮ ಯಜಮಾನರಿಗೆ ಯಾಕಿಲ್ಲ?

ದಂಡದ ಕಥೆಯನ್ನೂ ನೋಡಿ. 2019ರ ತಿದ್ದುಪಡಿ ಹೆಲ್ಮೆಟ್ ಇಲ್ಲದವರಿಗೆ 1,000 ರೂಪಾಯಿ ದಂಡ, ಮೂರು ತಿಂಗಳು ಲೈಸೆನ್ಸ್ ಅಮಾನತು ಅಂದಿತು. ಜನ ಸಿಟ್ಟಾದರು, ಕರ್ನಾಟಕ ಅದೇ ವರ್ಷ ಸೆಪ್ಟೆಂಬರಿನಲ್ಲಿ ದಂಡವನ್ನು 500ಕ್ಕೆ ಇಳಿಸಿತು. 2023ರಲ್ಲಿ, ಮತ್ತೆ 2025ರಲ್ಲಿ ಬಾಕಿ ಇದ್ದ ಸಂಚಾರ ದಂಡಕ್ಕೆ ಅರ್ಧದಷ್ಟು ರಿಯಾಯಿತಿ ಬಂತು. ನಿಜವಾಗಿ ಜೀವ ಉಳಿಸಬೇಕು ಅನ್ನೋ ತಳಮಳ ಇದ್ದರೆ ಇದು ಹೀಗೆ ವಸೂಲಿಯ ಲೆಕ್ಕ ಆಗುತ್ತಿರಲಿಲ್ಲ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಹೆಲ್ಮೆಟ್ ತಪಾಸಣೆಗೆ ಅಂತ ಬೈಕ್ ತಡೆದಾಗ ಅಪ್ಪ-ಅಮ್ಮನ ಜೊತೆ ಕೂತಿದ್ದ ಪುಟ್ಟ ಮಗು ರಸ್ತೆಗೆ ಬಿದ್ದು ತೀರಿಹೋಯಿತು. ನಾಯಿ ಕಚ್ಚಿದೆ ಅಂತ ಆಸ್ಪತ್ರೆಗೆ ಕರೆದುಕೊಂಡು ಹೊರಟಿದ್ದ ಮಗು ಅದು. ಕಾನೂನಿಗೆ ಕೈ ಇದೆ, ಆ ಕೈ ತೋಳು ಹಿಡಿದು ಎಳೆಯುತ್ತದೆ, ಕೀಲಿ ಕಿತ್ತುಕೊಳ್ಳುತ್ತದೆ ಅನ್ನೋದನ್ನು ಕಡ್ಡಾಯದ ಪರ ಮಾತಾಡೋರು ನೆನಪಿಟ್ಟುಕೊಳ್ಳಬೇಕು.

ಇನ್ನು ಆಸ್ಪತ್ರೆ ಖರ್ಚಿನ ಮಾತು. ಬಿದ್ದವನಿಗೆ ಸಮಾಜವೇ ಖರ್ಚು ಮಾಡುತ್ತದೆ, ಆದ್ದರಿಂದ ಸಮಾಜಕ್ಕೆ ಕೇಳೋ ಹಕ್ಕಿದೆ ಅನ್ನುತ್ತಾರೆ. ಇದು ಗಟ್ಟಿ ಮಾತು. ಸುಮ್ನೆ ತಳ್ಳಿಹಾಕೋಕೆ ಆಗೋದಿಲ್ಲ. ಆದರೆ ಇದನ್ನು ಒಪ್ಪಿದರೆ ಎಲ್ಲಿ ನಿಲ್ಲುತ್ತೀರಿ? ಗುಟ್ಕಾ ಹಾಕುವವನ ಬಾಯಿ ಕ್ಯಾನ್ಸರ್‌ಗೂ ಸಮಾಜ ಖರ್ಚು ಮಾಡುತ್ತದೆ. ಶುಗರ್ ಇದ್ದೂ ದಿನಾ ಜಿಲೇಬಿ ತಿನ್ನುವವನ ಡಯಾಲಿಸಿಸ್‌ಗೂ ಮಾಡುತ್ತದೆ. ಮುಖಕ್ಕೆ ಬಟ್ಟೆ ಕಟ್ಟದೆ ಔಷಧಿ ಹೊಡೆಯುವ ರೈತನಿಗೂ ಮಾಡುತ್ತದೆ. ಸರ್ಕಾರ ಚಿಕಿತ್ಸೆಗೆ ದುಡ್ಡು ಕೊಡುತ್ತದೆ ಅಂದ ಕೂಡಲೇ ನಮ್ಮ ಮೈ ಸರ್ಕಾರದ್ದಾಗುತ್ತದೆ ಅಂದರೆ, ಆ ಆರೋಗ್ಯ ಕಾರ್ಡಿಗೆ ನಾವು ತೆರುವ ಬೆಲೆ ಬಹಳ ದೊಡ್ಡದು. ಬಡವನಿಗೆ ಚಿಕಿತ್ಸೆ ಕೊಡೋದು ನಮ್ಮ ಧರ್ಮ. ಕೊಟ್ಟಿದ್ದಕ್ಕೆ ಪ್ರತಿಯಾಗಿ ಅವನ ಬದುಕಿನ ಲಗಾಮು ಕೇಳೋದು ಧರ್ಮ ಅಲ್ಲ.

ಅಮೆರಿಕದವರು ಈ ಜಗಳವನ್ನು ನಮಗಿಂತ ಮೊದಲೇ ಆಡಿದ್ದಾರೆ. ಅಲ್ಲಿನ ಕೇಂದ್ರ ಸರ್ಕಾರ ರಸ್ತೆ ಅನುದಾನ ಹಿಡಿದಿಟ್ಟುಕೊಳ್ಳುವ ಭಯ ಹಾಕಿ 1960ರ ದಶಕದ ಕೊನೆಗೆ ರಾಜ್ಯಗಳಲ್ಲಿ ಹೆಲ್ಮೆಟ್ ಕಾನೂನು ತರಿಸಿತು. 1969ರಲ್ಲಿ ಇಲಿನಾಯ್ ರಾಜ್ಯದ ಸುಪ್ರೀಂ ಕೋರ್ಟ್ ಆ ಕಾನೂನನ್ನು ಹೊಡೆದುಹಾಕಿತು. 1976ರಲ್ಲಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಆ ಅನುದಾನದ ಬೆದರಿಕೆಯನ್ನೇ ತೆಗೆಯಿತು. ಇಲಿನಾಯ್, ಅಯೋವಾ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಬೈಕ್ ಸವಾರರಿಗೆ ಇವತ್ತಿಗೂ ಹೆಲ್ಮೆಟ್ ಕಡ್ಡಾಯವಿಲ್ಲ. ಫ್ಲಾರಿಡಾ 2000ನೇ ಇಸವಿಯಲ್ಲಿ ನಡುದಾರಿ ಹಿಡಿಯಿತು: 21 ದಾಟಿದವರು ಕನಿಷ್ಠ 10,000 ಡಾಲರ್ ವೈದ್ಯಕೀಯ ವಿಮೆ ಮಾಡಿಸಿದ್ದರೆ ಹೆಲ್ಮೆಟ್ ಅವರಿಷ್ಟ.

ನಾನು ಕೇಳೋದೂ ಅಂಥದ್ದೇ. ಮಕ್ಕಳಿಗೆ ಕಡ್ಡಾಯ ಇರಲಿ, ಅವರ ತೀರ್ಮಾನ ಅವರ ಕೈಯಲ್ಲಿಲ್ಲ. ಹದಿನೆಂಟು ದಾಟದ ಹುಡುಗರಿಗೆ ಗಾಡಿ ಕೊಟ್ಟವರನ್ನು ಬಿಡಬೇಡಿ. ದೊಡ್ಡವರಿಗೆ ಹೇಳಿ, ತೋರಿಸಿ, ಹೆಲ್ಮೆಟ್ ಮೇಲಿನ ತೆರಿಗೆ ತೆಗೆಯಿರಿ. ಸರ್ಕಲ್‌ನಲ್ಲಿ ನಿಲ್ಲೋ ಪೊಲೀಸರನ್ನು ಕಬ್ಬಿನ ಹಂಗಾಮು ಮುಗಿಯುವವರೆಗೆ ರಾತ್ರಿ ಹೆದ್ದಾರಿಗೆ ಕಳಿಸಿ.

ವಿರೋಧ: ಬಿಡಬಾರದು

'ನನ್ನ ತಲೆ' ಅನ್ನೋ ಮಾತು ಗಾಡಿ ಓಡುತ್ತಿರುವ ತನಕ ಸರಿ. ಬಿದ್ದ ಗಳಿಗೆಯಿಂದ ಆ ತಲೆ ಅವನೊಬ್ಬನದಾಗಿ ಉಳಿಯೋದಿಲ್ಲ.

ಲೋಕಾಪುರದ ಹತ್ತಿರ ರಾತ್ರಿ ಒಬ್ಬ ಬಿದ್ದಿದ್ದಾನೆ ಅಂದುಕೊಳ್ಳಿ. ಹಿಂದೆ ಬಂದ ಟೆಂಪೋದವನು ನಿಲ್ಲಿಸಿ 108ಕ್ಕೆ ಫೋನ್ ಮಾಡುತ್ತಾನೆ. ಆಂಬುಲೆನ್ಸ್ ಬರುವ ತನಕ ಗುರುತು ಪರಿಚಯ ಇಲ್ಲದವನ ಕಿವಿಯಿಂದ ರಕ್ತ ಬರೋದನ್ನು ನೋಡುತ್ತಾ ಕೂರುತ್ತಾನೆ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಗುತ್ತದೆ. ತಲೆಯೊಳಗೆ ರಕ್ತ ಹೆಪ್ಪುಗಟ್ಟಿದೆ, "ಹುಬ್ಬಳ್ಳಿಗೆ ಒಯ್ಯಿರಿ" ಅನ್ನುತ್ತಾರೆ. ನೂರು ಕಿಲೋಮೀಟರಿಗೂ ಜಾಸ್ತಿ ದಾರಿ. ಸರ್ಕಾರದ ಆರೋಗ್ಯ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಆದರೆ ಹುಬ್ಬಳ್ಳಿಯಲ್ಲಿ ತಿಂಗಳುಗಟ್ಟಲೆ ಉಳಿಯೋ ಖರ್ಚು, ಹೋದ ಕೂಲಿ, ಅಡ ಇಟ್ಟ ಬಂಗಾರ ಅದರಲ್ಲಿ ಬರೋದಿಲ್ಲ. ಅವನು ಉಳಿದ ಅಂತಲೇ ಇಟ್ಟುಕೊಳ್ಳಿ. ಮಾತು ತೊದಲುತ್ತದೆ, ಒಂದು ಕೈ ಏಳೋದಿಲ್ಲ, ಸಣ್ಣದಕ್ಕೂ ಸಿಟ್ಟು. ತುತ್ತು ಬಾಯಿಗಿಡೋಳು ಹೆಂಡತಿ. ಓದು ಬಿಟ್ಟು ದುಡಿಯೋಕೆ ಹೋಗೋನು ತಮ್ಮ. 'ಬೇರೆಯವರು ಯಾರು' ಅಂತ ಕೇಳಿದರಲ್ಲ, ಇವರೇ. ಮುಳುಗಡೆಯಲ್ಲಿ ಮನೆ ಕಳೆದುಕೊಂಡವರಿಗೆ ಸರ್ಕಾರ ನಂಬರ್ ಹಾಕಿ ಪರಿಹಾರ ಕೊಟ್ಟಿತು. ಇವರ ಬಾಗಿಲಿಗೆ ಯಾವ ನಂಬರೂ ಬರೋದಿಲ್ಲ.

1972ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಫೆಡರಲ್ ಕೋರ್ಟ್ ಇದನ್ನೇ ಹೇಳಿತು. ಗಾಯವಾದ ಕ್ಷಣದಿಂದ ಅವನನ್ನು ರಸ್ತೆಯಿಂದ ಎತ್ತೋದು, ಆಸ್ಪತ್ರೆಗೆ ಸೇರಿಸೋದು, ಕೆಲಸ ಮಾಡಲಾಗದಿದ್ದರೆ ಅವನನ್ನೂ ಮನೆಯವರನ್ನೂ ನೋಡಿಕೊಳ್ಳೋದು ಸಮಾಜವೇ ಅಂದಮೇಲೆ, ಇದು ಅವನೊಬ್ಬನ ವಿಷಯ ಹೇಗಾಗುತ್ತದೆ ಅಂತ. ಅಲ್ಲಿನ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು.

ಹಾಗಾದರೆ ಜಿಲೇಬಿಯನ್ನೂ ನಿಷೇಧಿಸಿ ಅನ್ನೋದು ಸರಿಯಾದ ಉತ್ತರ ಅಲ್ಲ. ಕಾನೂನು ಎರಡು ವಿಷಯ ನೋಡಬೇಕು: ಕೇಳೋದು ಎಷ್ಟು, ಉಳಿಯೋದು ಎಷ್ಟು. ಒಬ್ಬನ ಊಟ ಬದಲಿಸೋದು ಅವನ ಅಡುಗೆಮನೆಗೆ ನುಗ್ಗಿದ ಹಾಗೆ. ಹೆಲ್ಮೆಟ್ ಕೇಳೋದು ಗಾಡಿ ಮೇಲಿರುವ ಅಷ್ಟು ಹೊತ್ತು ಮಾತ್ರ. ಅದೂ ಎಲ್ಲಿ? 129ನೇ ಕಲಂ ಸಾರ್ವಜನಿಕ ಸ್ಥಳದಲ್ಲಿ ಅಂತ ಸ್ಪಷ್ಟವಾಗಿ ಹೇಳಿದೆ. ನಿಮ್ಮ ಹೊಲದಲ್ಲಿ ಬರಿತಲೆಯಲ್ಲಿ ಎಷ್ಟು ಬೇಕಾದರೂ ಓಡಿಸಿ, ಯಾರೂ ಕೇಳೋದಿಲ್ಲ. ರಸ್ತೆ ಎಲ್ಲರದು. ಲೈಸೆನ್ಸ್, ಎಡಗಡೆ ಓಡಿಸೋದು, ಸಿಗ್ನಲ್, ಎಲ್ಲವೂ ಆ ರಸ್ತೆಗೆ ಬಂದವರ ಒಪ್ಪಂದ. ಹೆಲ್ಮೆಟ್ ಅದರಲ್ಲಿ ಒಂದು.

ಉಳಿಯೋದು ಎಷ್ಟು ಅಂತಲೂ ನೋಡಿ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು ಅಂತ ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳಿತು. ಅದರಲ್ಲಿ 50,029 ಜನ ಹೆಲ್ಮೆಟ್ ಹಾಕದೇ ಇದ್ದವರು. ಹೆಲ್ಮೆಟ್ ಹಾಕಿದ್ದರೆ ಎಲ್ಲರೂ ಬದುಕುತ್ತಿದ್ದರು ಅಂತ ನಾನು ಹೇಳೋದಿಲ್ಲ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು ಶೇ. 42ರಷ್ಟು, ತಲೆ ಗಾಯವನ್ನು ಶೇ. 69ರಷ್ಟು ಕಡಿಮೆ ಮಾಡುತ್ತದೆ ಅಂತ ಕಂಡುಬಂದಿದೆ. ಇಷ್ಟು ಅಗ್ಗದ ವಸ್ತುವಿನಿಂದ ಇಷ್ಟು ಜೀವ ಉಳಿಯೋದು ಬೇರೆ ಯಾವುದರಲ್ಲಿ ಇದೆ ಹೇಳಿ.

ಊರೊಳಗೆ ಮೆಲ್ಲಗೆ ಹೋಗುವಾಗ ಯಾಕೆ ಅನ್ನೋರು ಹೆಲ್ಮೆಟ್ ಕೆಲಸ ಮಾಡೋ ರೀತಿ ತಿಳಿದುಕೊಳ್ಳಬೇಕು. ಹೊರಗಿನ ಗಟ್ಟಿ ಚಿಪ್ಪು ಪೆಟ್ಟನ್ನು ಹರಡುತ್ತದೆ. ನಿಜವಾದ ಕೆಲಸ ಒಳಗಿನ ಥರ್ಮೋಕೋಲಿನದು. ಅದು ಜಜ್ಜಿ ಕುಗ್ಗುತ್ತದೆ. ಕುಗ್ಗುವ ಆ ಕೆಲವು ಮಿಲಿಸೆಕೆಂಡಿನಲ್ಲಿ ತಲೆಯ ವೇಗ ಇಳಿಯುತ್ತದೆ, ಮಿದುಳು ಬುರುಡೆಯ ಗೋಡೆಗೆ ಅಪ್ಪಳಿಸೋ ಜೋರು ಕಡಿಮೆಯಾಗುತ್ತದೆ. ಆದ್ದರಿಂದಲೇ ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗೆ ನೆಟ್ಟಗೆ ಕಂಡರೂ ಬಿಸಾಕಬೇಕು, ಒಳಗೆ ಕುಗ್ಗೋಕೆ ಏನೂ ಉಳಿದಿರೋದಿಲ್ಲ. ಪಟ್ಟಿ ಬಿಗಿಯದಿದ್ದರೆ ತಲೆ ನೆಲ ಮುಟ್ಟೋ ಮೊದಲೇ ಅದು ಹಾರಿಹೋಗಿರುತ್ತದೆ. ಮೊಣಕೈಗೆ ನೇತುಹಾಕಿಕೊಂಡರೆ ಉಳಿಯೋದು ಮೊಣಕೈ ಅಷ್ಟೇ. ಗಾಡಿ ನಿಂತಲ್ಲೇ ಜಾರಿದರೂ ತಲೆ ಆಳೆತ್ತರದಿಂದ ಕಲ್ಲಿಗೆ ಬೀಳುತ್ತದೆ. ಆ ಎತ್ತರ ಸಾಕು.

ಈಗ 'ಇಷ್ಟ'ದ ಮಾತಿಗೆ ಬರುತ್ತೇನೆ. ನನಗೆ ಹೆಚ್ಚು ಕಳವಳ ಅದರ ಬಗ್ಗೆಯೇ. 2022ರ ಆ 50,029 ಜನರಲ್ಲಿ 14,337 ಮಂದಿ ಹಿಂದೆ ಕೂತವರು. ಬಾದಾಮಿ ಬನಶಂಕರಿ ಜಾತ್ರೆಗೆ ಹೋಗುವ ಬೈಕುಗಳನ್ನು ನೋಡಿ. ಅವನು ಮುಂದೆ, ಅವಳು ಹಿಂದೆ ಸೀರೆ ಉಟ್ಟು ಒಂದೇ ಕಡೆ ಕಾಲು ಇಳಿಬಿಟ್ಟು, ತೊಡೆ ಮೇಲೆ ಕೂಸು. ಮನೆಯಲ್ಲಿ ಹೆಲ್ಮೆಟ್ ಇರೋದು ಒಂದು, ಅದು ಅವನದು. ಗಾಡಿ ಹೇಗೆ ಓಡಬೇಕು ಅನ್ನೋದೂ ಅವಳ ಕೈಯಲ್ಲಿಲ್ಲ, ಎರಡನೇ ಹೆಲ್ಮೆಟ್‌ಗೆ ದುಡ್ಡು ಬಿಚ್ಚೋದೂ ಅವಳ ಕೈಯಲ್ಲಿಲ್ಲ. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಆ ಕಾನೂನು ಇರೋದರಿಂದಲೇ ಅವಳು "ದಂಡ ಹಾಕ್ತಾರ್ರಿ, ನನಗೂ ಒಂದು ತರ್ರಿ" ಅಂತ ಬಾಯಿ ಬಿಟ್ಟು ಕೇಳಬಹುದು. ಅದನ್ನು ತೆಗೆದು 'ಅವರವರ ಇಷ್ಟ' ಅಂದರೆ ಆ ಮನೆಯಲ್ಲಿ ನಡೆಯೋದು ಯಾರ ಇಷ್ಟ?

ಕಾಲೇಜು ಹುಡುಗರದೂ ಹೀಗೇ. ಗೆಳೆಯರೆಲ್ಲ ಬರಿತಲೆಯಲ್ಲಿ ಇರುವಾಗ ಒಬ್ಬನೇ ಹೆಲ್ಮೆಟ್ ಹಾಕಿದರೆ ಅಂಜುಬುರುಕ ಅನ್ನಿಸಿಕೊಳ್ಳುತ್ತಾನೆ. ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1973ರಲ್ಲಿ ಐಸ್ ಹಾಕಿ ಆಟಗಾರರನ್ನು ಇಟ್ಟುಕೊಂಡು ಇದನ್ನು ಬಿಡಿಸಿ ಹೇಳಿದರು. ಒಬ್ಬೊಬ್ಬರೇ ಹೆಲ್ಮೆಟ್ ಹಾಕೋಕೆ ಒಪ್ಪದ ಆಟಗಾರರು, ಎಲ್ಲರಿಗೂ ಕಡ್ಡಾಯ ಮಾಡೋ ನಿಯಮಕ್ಕೆ ಮಾತ್ರ ಒಪ್ಪಬಹುದು. ಎಲ್ಲರೂ ಹಾಕಿದರೆ ಯಾರಿಗೂ ಅವಮಾನ ಇಲ್ಲ, ಯಾರೂ ಹಿಂದೆ ಬೀಳೋದಿಲ್ಲ. ಅಲ್ಲಿನ ಹಾಕಿ ಲೀಗ್ 1979ರಿಂದ ಹೊಸದಾಗಿ ಸೇರುವವರಿಗೆ ಕಡ್ಡಾಯ ಮಾಡಿತು. ನಿಯಮ ಅಂದ ಕೂಡಲೇ ಅದು ನಮ್ಮ ಆಸೆಗೆ ಅಡ್ಡಿ ಅಂತ ತಿಳಿಯೋದು ತಪ್ಪು. ಎಷ್ಟೋ ಸಲ ನಾವು ನಿಜವಾಗಿ ಬಯಸಿದ್ದನ್ನು ಮಾಡೋಕೆ ಅದೇ ದಾರಿ ಮಾಡಿಕೊಡುತ್ತದೆ.

ರುಮಾಲಿನ ಯಜಮಾನರ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಅವರ ಮರ್ಯಾದೆ ನನಗೂ ಮುಖ್ಯ. ಮಂಡ್ಯದ ಮಗುವಿನ ವಿಷಯದಲ್ಲೂ ಎರಡು ಮಾತಿಲ್ಲ. ಓಡುವ ಗಾಡಿಗೆ ಕೈ ಹಾಕೋದು ಅಪರಾಧ. ಕ್ಯಾಮೆರಾ ಇದೆ, ಗಾಡಿ ನಂಬರ್ ಇದೆ, ನೋಟಿಸ್ ಕಳಿಸಬಹುದು. ಕಬ್ಬಿನ ಟ್ರ್ಯಾಕ್ಟರ್ ಬಗ್ಗೆಯೂ ನಾನು ಅವರ ಜೊತೆಗೇ ನಿಲ್ಲುತ್ತೇನೆ, ಇನ್ನೂ ಜೋರಾಗಿ. ಆದರೆ ಅದರಿಂದ ಅವರು ತೆಗೆಯೋ ತೀರ್ಮಾನ ಉಲ್ಟಾ. ರಿಫ್ಲೆಕ್ಟರ್ ಇಲ್ಲದ ಟ್ರೇಲರ್ ರಸ್ತೆಯಲ್ಲಿ ಇರುವ ತನಕ ಬೈಕಿನವನಿಗೆ ಉಳಿದಿರೋ ಕಾವಲು ಹೆಲ್ಮೆಟ್ ಒಂದೇ.

ಫ್ಲಾರಿಡಾದ ನಡುದಾರಿ ಕೇಳೋಕೆ ಚೆನ್ನಾಗಿದೆ. ಆ ತಿದ್ದುಪಡಿಯ ನಂತರ ಅಲ್ಲಿ ಬೈಕ್ ಸವಾರರ ಸಾವು ಏರಿತು. ನಮ್ಮಲ್ಲಿ ಅದು ಇನ್ನೂ ಕೆಟ್ಟದಾಗುತ್ತದೆ. ವಿಮೆ ಕಟ್ಟೋ ತಾಕತ್ತು ಇರುವವರಿಗೆ ಬರಿತಲೆಯ ಸ್ವಾತಂತ್ರ್ಯ, ರಬಕವಿಯಲ್ಲಿ ಮಗ್ಗದ ಕೂಲಿಗೆ ಹೋಗುವವನಿಗೆ ದಂಡ. ದುಡ್ಡು ಕೊಟ್ಟು ಕೊಳ್ಳೋ ಆ ಹಕ್ಕನ್ನು ನಾನು ಸ್ವಾತಂತ್ರ್ಯ ಅಂತ ಒಪ್ಪೋದಿಲ್ಲ.

ಬದಲಾಗಬೇಕಾದ್ದು ಬೇರೆ ಇದೆ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ತಯಾರಿಸೋದು, ಮಾರೋದು ಎರಡೂ ಕಾನೂನುಬಾಹಿರ. ಆದರೂ ಕಿವಿ ಮುಚ್ಚದ ಅರ್ಧ ಹೆಲ್ಮೆಟ್ ರಸ್ತೆ ಬದಿಯಲ್ಲಿ ರಾಶಿ ಹಾಕಿ ಮಾರುತ್ತಾರೆ, ಒಳಗೆ ಥರ್ಮೋಕೋಲ್ ಹೆಸರಿಗೂ ಇರೋದಿಲ್ಲ. ಮೊದಲು ಅದನ್ನು ನಿಲ್ಲಿಸಲಿ. ಸಿಕ್ಕಿಬಿದ್ದವನ ಹತ್ತಿರ 500 ರೂಪಾಯಿ ಇಸಿದುಕೊಂಡು ಬರಿತಲೆಯಲ್ಲೇ ಮುಂದೆ ಕಳಿಸೋದನ್ನೂ ನಿಲ್ಲಿಸಲಿ. ಅದೇ ದುಡ್ಡು ಹಿಡಿದುಕೊಂಡು, ಸಾಲದಿದ್ದರೆ ಸರ್ಕಾರವೇ ಒಂದಿಷ್ಟು ಸೇರಿಸಿ, ಐಎಸ್‌ಐ ಹೆಲ್ಮೆಟ್ ಕೊಟ್ಟು, ಪಟ್ಟಿ ಬಿಗಿಸಿ ಕಳಿಸಲಿ. ಹಿಂದೆ ಕೂತವರಿಗೂ ಒಂದು.